ಇಮ್ಮಡಿ ಅಟ್ಟೆಯ ಬೂಟು

ಕಂಡಕ್ಟರನ ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು ಈಗ ಬೀಳುತ್ತದೆ, ಈಗ ಬೀಳುತ್ತದೆ, ಬಸ್ಸು ಹೊಂಡಕ್ಕೆ ಇಳಿದು ಏಳುವಾಗಲೆಲ್ಲ ಒಂದಿಷ್ಟು ಜಾರುತ್ತದೆ, ಅವನು ನೋಡದೆಯೇ ಬೆರಳಲ್ಲಿ ಹಿಂದಕ್ಕೆ ತಳ್ಳಿ ಸಾಗರ, ಸಾಗರ ಅನ್ನುತ್ತ ಚೀಟಿ ಹರಿಯುತ್ತಾನೆ, ಎಂಥದಮ್ಮ ಆ ಚೀಲ, ದಾರಿಗೆ ಅಡ್ಡ ಇಟ್ಕಂಡ್ರೆ ಜನ ಹೆಂಗೆ ಓಡಾಡದು, ಒಳಗೆ ಎಳ್ಕಳಿ ಅಂತ ಹೇಳಿದ್ದು ನನಗೇ, ಎಳೆದುಕೊಂಡೆ, ಒಳಗಿನ ಮೊಳೆ ಬಸ್ಸಿನ ತಗಡಿಗೆ ಉಜ್ಜಿ ಕಿರ್ ಅಂದಿತು, ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು, ನೋಡಲಿ, ಬಿಚ್ಚಿ ತೋರಿಸಿದರೂ ಅವಳಿಗೆ ಕಾಣುವುದು ಒಂದು ಜೊತೆ ಹಳೇ ಮಿಲಿಟರಿ ಬೂಟು, ಎಣ್ಣೆ ಕುಡಿದು ಕಪ್ಪಾದ ಚರ್ಮ, ಹಿಮ್ಮಡಿಗೆ ಲಾಳದಂಥ ಕಬ್ಬಿಣ, ಯಾರದಮ್ಮ ಅಂದರೆ ನಮ್ಮವರದು ಅನ್ನುತ್ತಿದ್ದೆ, ಇಷ್ಟು ವರ್ಷ ಹಾಗೇ ಅಂದ ಬಾಯಿ, ಈಗಲೂ ನಾಲಿಗೆ ಅಲ್ಲಿಗೇ ಹೋಗುತ್ತದೆ. ನಾನು ಮದುವೆಯಾಗಿ ಜೋಗಕ್ಕೆ ಬಂದಾಗ ಆ ಮನೆಯಲ್ಲಿ ನನಗಿಂತ ಮೊದಲು ಇದ್ದದ್ದು ಈ ಬೂಟು, ಗೋಡೆಗೆ ಗೂಟ ಹೊಡೆದು ನೇತು ಹಾಕಿದ್ದರು, ದೇವರ ಪಟ ಅದರ ಕೆಳಗಿತ್ತು, ಪಟ ಮೇಲೆ ಹಾಕಣ ಅಂದದ್ದಕ್ಕೆ ಮದುವೆಯಾದ ವಾರದೊಳಗೆ ಕೆನ್ನೆಗೆ ಬಿತ್ತು, ಆಮೇಲೆ ನಾನು ಹಾಗೆ ಹೇಳಲಿಲ್ಲ, ಹರಳೆಣ್ಣೆ ಹಚ್ಚು ಅಂದಾಗ ಹಚ್ಚಿದೆ, ದಾರ ಬಿಚ್ಚಿ ಒಗೆದು ಒಣಗಿಸಿ ಮತ್ತೆ ಪೋಣಿಸಿದೆ, ಬರ್ಮಾಕ್ಕೆ ಹೋಗಿ ಬದುಕಿ ಬಂದವನು ಅಂತ ಅಪ್ಪ ಎರಡು ಮಾತಾಡದೆ ಕೊಟ್ಟಿದ್ದ ನನ್ನನ್ನು, ಪವರ್‌ಹೌಸಿನಲ್ಲಿ ವಾಚ್‌ಮನ್ ಕೆಲಸ, ಸರ್ಕಾರದ ಮನೆ, ಕೆರಿಯಮ್ಮನ ಅದೃಷ್ಟ ಅಂದಿದ್ದರು ಊರಲ್ಲಿ. ಹದಿನೈದನೇ ಆಗಸ್ಟಿಗೆ ಶಾಲೆಯವರು ಕರೆಯುತ್ತಿದ್ದರು, ಇವರು ಬೂಟು ತೊಟ್ಟು ದಡ್ ದಡ್ ಅಂತ ನಡೆದು ಬಾವುಟದ ಕಂಬಕ್ಕೆ ಸೆಲ್ಯೂಟು ಹೊಡೆಯುವುದು, ಮಕ್ಕಳು ಚಪ್ಪಾಳೆ ತಟ್ಟುವುದು, ಆಮೇಲೆ ಕಥೆ, ಪ್ರತಿ ವರ್ಷ ಅದೇ ಕಥೆ, ನನಗೆ ಬಾಯಿಪಾಠ — ಜಪಾನಿನವರು ಮೂರೂ ಕಡೆಯಿಂದ ಗುಂಡು ಹಾರಿಸ್ತಿದಾರೆ, ಹೊಸನಗರದ ಮಾರಪ್ಪ ಅಂತ ನನ್ನ ಗೆಳೆಯ, ಅವನಿಗೆ ಗಾಯ, ನಾನು ಬೆನ್ನ ಮೇಲೆ ಹೊತ್ತುಕಂಡೆ, ಕಾಲಲ್ಲಿ ಬೂಟಿಲ್ಲ, ಗುಡ್ಡ ಹತ್ತಿ ಗುಡ್ಡ ಇಳಿದೆ, ಕಡೆಗೆ ನನ್ನ ತೊಡೆ ಮೇಲೇ ಪ್ರಾಣ ಬಿಟ್ಟ, ನನ್ನ ಕಾಲಿಂದ ರಕ್ತ ಸೋರೋದು ನೋಡಿ ಕರ್ನಲ್ ಸಾಹೇಬರು ಕುದುರೆಯಿಂದ ಇಳಿದು ತಮ್ಮ ಬೂಟು ಬಿಚ್ಚಿ ಕೊಟ್ಟರು. ಅದಕ್ಕೇ ಅಷ್ಟು ದೊಡ್ಡದು, ಸಾಹೇಬರ ಕಾಲು, ಇವರದು ಹೆಂಗಸರ ಕಾಲಿನ ಹಾಗೆ ಪುಟ್ಟದು, ತುದಿಗೆ ಬಟ್ಟೆ ತುರುಕದೆ ನಡೆಯಲು ಆಗುತ್ತಿರಲಿಲ್ಲ, ನನ್ನ ಧಾರೆ ಸೀರೆ ಹರಿದಾಗ ಅದರ ಸೆರಗೇ ಹೋಯಿತು ಆ ಬೂಟಿನ ಹೊಟ್ಟೆಗೆ, ಹೆಮ್ಮೆಯೇ ಆಗಿತ್ತು ನನಗೆ, ಹೌದು, ಹೆಮ್ಮೆ.

ದುಗ್ಗಪ್ಪ — ಅವರ ಹೆಸರು ಬಾಯಲ್ಲಿ ಹೇಳಿದವಳಲ್ಲ ನಾನು, ಮನಸ್ಸಿನಲ್ಲೂ ಹೇಳುತ್ತಿರಲಿಲ್ಲ — ಹೋದ ಬೇಸಿಗೆಯಲ್ಲಿ ಹೊಟ್ಟೆಯ ಗಂಟು ಬೆಳೆದು ತೀರಿಕೊಂಡರು, ಹನ್ನೊಂದರ ಊಟಕ್ಕೆ ಗಿರಿ ಆ ಬೂಟನ್ನು ಅಪ್ಪನ ಫೋಟೋದ ಪಕ್ಕ ಮಣೆ ಹಾಕಿ ಇಟ್ಟ, ಸೇವಂತಿಗೆ ಹಾರ ಹಾಕಿದ, ಗಿರಿಯಪ್ಪ, ನನ್ನ ಮಗ, ಒಬ್ಬನೇ, ಅವನ ಕಾಲು ಅಪ್ಪನ ಹಾಗಲ್ಲ, ನಮ್ಮಪ್ಪನ ಹಾಗೆ ಉದ್ದ, ತೊಟ್ಟು ನೋಡಿ ಅಮ್ಮ ಬಟ್ಟೆ ತುರುಕದೆಯೇ ಸರಿ ಆಗ್ತದೆ, ನನಗೇ ಅಂತ ಮಾಡಿಸಿದ ಹಾಗಿದೆ ಅಂದಿದ್ದ, ಆ ಮುಖ. ಅವತ್ತು ಮೇಗರವಳ್ಳಿಯಿಂದ ಹುಲಿಯಪ್ಪಣ್ಣ ಬಂದ, ಅವರ ಜೊತೆ ಬರ್ಮಾದಲ್ಲಿದ್ದವನು, ಮದುವೆಗೂ ಬಾರದವನು, ಕುಂಟುತ್ತ ಅಂಗಳ ದಾಟಿ ಒಳಗೆ ಬಂದು ಫೋಟೋ ನೋಡಿದ, ಹಾರ ಹಾಕಿದ ಬೂಟು ನೋಡಿದ, ಇದಕ್ಕೂ ಹೂವು ಹಾಕಿದೀರಾ ಅಂದ, ಹೊರಗೆ ಹೋಗಿ ಚಪ್ಪರದ ಕಂಬದ ಬುಡಕ್ಕೆ ಉಗಿದ, ಎಲೆ ಹಾಕಿ ಕೂರಿಸಿದ್ದೆವು, ಉಣ್ಣದೇ ಹೋದ, ಸಾವಿನ ಮನೆಯಲ್ಲಿ ಎಲೆ ಬಿಟ್ಟು ಎದ್ದು ಹೋದ. ಕುಡಿದಿರಬೇಕು ಬಿಡು ಅಂದ ಗಿರಿ. ಕುಡಿದಿರಲಿಲ್ಲ, ನಾನು ಹತ್ತಿರ ನಿಂತು ನೀರು ಕೊಟ್ಟವಳು. ಆ ಉಗುಳನ್ನು ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ, ಯಾವಾಗಲಾದರೂ ಬೇಕಾಗುತ್ತದೆ ಅನ್ನುವ ಹಾಗೆ, ಬೇಕಾಯಿತು. ಗಡಿಯಲ್ಲಿ ಹೊಸ ಯುದ್ಧ ಶುರುವಾಯಿತು, ರೇಡಿಯೋದ ಮುಂದೆ ಪವರ್‌ಹೌಸಿನ ಜನವೆಲ್ಲ ಮುತ್ತಿಕೊಂಡರು, ನಿಂತೂ ಹೋಯಿತು ಅಂದರು, ನಿಂತ ಮೇಲೆ ಇವನು ಶಿವಮೊಗ್ಗಕ್ಕೆ ಹೋಗಿ ಎದೆ ಅಳೆಸಿಕೊಂಡು ಬಂದ, ಅಮ್ಮ ಮಿಲಿಟರಿಗೆ ತಗಂಡ್ರು, ದೀಪಾವಳಿ ಕಳೆದು ಹೋಗಬೇಕು ಅಂದ. ಬೇಡ ಕಣೋ, ನನಗೆ ಯಾರಿದಾರೆ. ಅಪ್ಪನ ಬೂಟು ನೋಡ್ಕಂಡು ಬೆಳೆದವನು ನಾನು, ಬೇಡ ಅನ್ನೋದಾಗಿದ್ರೆ ಅದನ್ನ ಗೋಡೆ ಮೇಲೆ ಯಾಕೆ ಇಡಬೇಕಿತ್ತು. ಅತ್ತು ಕರೆದೆ, ಉಪವಾಸ ಕೂತೆ, ಒಲೆ ಹಚ್ಚಲಿಲ್ಲ, ಅವನು ಅಂಗಡಿಯಲ್ಲಿ ಬನ್ನು ತಿಂದು ಬಂದು ಮಲಗಿದ. ಆಗ ಆ ಉಗುಳು ನೆನಪಾಯಿತು, ನಿಜ ಹುಡುಕಲು ಹೋದೆ ಅಂತ ದೇವರ ಎದುರು ಹೇಳಲಾರೆ, ನಾನು ಹೋದದ್ದು ಕೆಟ್ಟದ್ದು ಏನಾದರೂ ಸಿಗಲಿ ಅಂತ, ಬೂಟಿನೊಳಗೆ ಒಂದು ಹುಳ ಇರಲಿ, ಅದನ್ನು ತಂದು ಅವನ ಮುಂದೆ ಕೊಡವುತ್ತೇನೆ, ಅವನು ಹೇಸಿ ಹಿಂದೆ ಸರಿಯುತ್ತಾನೆ ಅಂತ. ನಿಮ್ಮಪ್ಪನ ಜೊತೆಗಾರನಿಗೆ ಬೂಟು ತೋರಿಸಿ ನಿನ್ನ ಹೆಸರಲ್ಲಿ ಆಶೀರ್ವಾದ ತರ್ತೀನಿ, ರೈಲಿನ ಹೊತ್ತಿಗೆ ಸಾಗರದ ಸ್ಟೇಷನ್ನಿಗೇ ಬರ್ತೀನಿ ಅಂದೆ, ನಂಬಿದ, ತಾನೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಕೊಟ್ಟ.

ಬಟ್ಟೆಮಲ್ಲಪ್ಪ ಬಂತು, ಯಾರೋ ಇಳಿದರು, ಕೋಳಿ ಹಿಡಿದವರು ಹತ್ತಿದರು, ಕೋಳಿಯ ಕಾಲು ಕಟ್ಟಿ ತಲೆ ಕೆಳಗೆ ಮಾಡಿದ್ದಾರೆ, ಅದರ ಹಳದಿ ಬೆರಳು — ಬೇಡ, ಹೊರಗೆ ನೋಡುತ್ತೇನೆ, ಗದ್ದೆ, ಕೊಯ್ಲಿಗೆ ಬಂದ ಗದ್ದೆ. ನಿನ್ನೆ ಹುಲಿಯಪ್ಪಣ್ಣ ಜಗಲಿಯಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದ, ಬಿದಿರಿನ ಸೀಳನ್ನು ಬಲಗಾಲಿನಡಿ ಅದುಮಿಕೊಂಡಿದ್ದ, ಆ ಕಾಲಿಗೆ ಬೆರಳೇ ಇಲ್ಲ, ಮುಂಗಾಲು ಮೊಂಡು, ಬೇಯಿಸಿದ ಗೆಣಸಿನ ತುದಿಯ ಹಾಗೆ ನುಣ್ಣಗೆ, ಆವತ್ತು ಕುಂಟುತ್ತ ಬಂದಾಗ ಗುಂಡು ತಾಗಿದ ಕಾಲು ಅಂದುಕೊಂಡಿದ್ದೆ. ಬಾ ತಂಗಿ ಅಂದ, ಅವನ ಹೆಂಡತಿ ಬೆಲ್ಲ ನೀರು ತಂದಿಟ್ಟಳು, ನಾನು ಕುಡಿಯದೆಯೇ ಚೀಲ ಬಿಚ್ಚಿದೆ. ಅದನ್ನ ಯಾಕೆ ತಂದ್ಯೆ ಇಲ್ಲಿಗೆ. ಕೇಳಕ್ಕೆ ಬಂದೆ ಅಣ್ಣ, ಅವತ್ತು ಉಣ್ಣದೇ ಹೋದ್ರಲ್ಲ, ಯಾಕೆ ಅಂತ. ದುಗ್ಗ ಎಂತ ಹೇಳಿದ್ದ ನಿಂಗೆ. ಹೇಳಿದೆ, ಕರ್ನಲ್ ಸಾಹೇಬ, ಕುದುರೆ, ಬೆನ್ನ ಮೇಲೆ ಮಾರಪ್ಪ, ತೊಡೆಯ ಮೇಲೆ ಪ್ರಾಣ, ಹೇಳುತ್ತ ಹೇಳುತ್ತ ನನಗೇ ಅದು ಯಾರದೋ ಮಗು ಒಪ್ಪಿಸಿದ ಪಾಠದ ಹಾಗೆ ಕೇಳಿಸಿತು, ಹುಲಿಯಪ್ಪಣ್ಣ ನಕ್ಕ, ಕೆಮ್ಮು ಬರುವವರೆಗೆ ನಕ್ಕ. ಸಾಹೇಬನ್ನ ನಾವು ಹತ್ತಿರದಲ್ಲಿ ಕಂಡಿದ್ದೇ ಇಲ್ಲ ಮಾರಾಯ್ತಿ, ನಮ್ಮ ಕೈಗೆ ಬಂದೂಕನ್ನೇ ಕೊಟ್ಟಿರಲಿಲ್ಲ, ಗುದ್ದಲಿ ಕೊಟ್ಟಿದ್ರು, ಗುಡ್ಡ ಕಡಿದು ರಸ್ತೆ ಮಾಡೋ ಪಾರ್ಟಿ ನಮ್ದು, ಹಾರೆ ಗುದ್ದಲಿ ಬುಟ್ಟಿ. ಬೂಟು ಮಾರಪ್ಪಂದು.

ಹಾಗೆ, ಬಿದಿರು ಸೀಳುತ್ತಲೇ ಅಂದ, ಬೂಟು ಮಾರಪ್ಪಂದು. ವಿಮಾನ ಬಂತು, ಬಾಂಬು ಬಿತ್ತು, ಚೂರು ಮಾರಪ್ಪನ ಹೊಟ್ಟೆಗೆ ಹೊಕ್ಕಿತು, ಪಾರ್ಟಿಯವರೆಲ್ಲ ಚೆಲ್ಲಾಪಿಲ್ಲಿ, ನಾನು, ನಿನ್ನ ಗಂಡ, ಅವನು, ಒಂದೇ ಜಿಲ್ಲೆಯವರು ಅಂತ ಒಟ್ಟಿಗಿದ್ವಿ, ಕಂಬಳಿಗೆ ಬಿದಿರು ತೂರಿಸಿ ಅವನನ್ನ ಹಾಕ್ಕಂಡು ಹೊರಟ್ವಿ, ಕೆಸರು ಅಂದ್ರೆ ಮೊಣಕಾಲು ಮಟ, ಜಿಗಣೆ, ನಮ್ಮಿಬ್ಬರ ಬೂಟು ಕೊಳೆತು ಅಟ್ಟೆ ಕಿತ್ತು ಹೋಗಿ ಕಾಲಿಗೆ ಗೋಣಿ ಸುತ್ಕಂಡಿದ್ವಿ, ಮಾರಪ್ಪಂದು ಮಾತ್ರ ಗಟ್ಟಿ, ರಜಕ್ಕೆ ಊರಿಗೆ ಹೋದಾಗ ಹೊಸ ಅಟ್ಟೆ ಹಾಕ್ಸಿಕಂಡು ಬಂದಿದ್ದ, ಎರಡೆರಡು ಪದರ. ಹೊರೋವಾಗ ದುಗ್ಗ ಹಿಂದೆ ಇದ್ದ, ಅವನ ಮುಂದೆ ಆ ಬೂಟು ಅಲ್ಲಾಡ್ತಾ ಇತ್ತು, ಎಷ್ಟು ಹೊತ್ತು ನೋಡಿದ್ದನೋ. ಒಂದು ಹಳ್ಳ ಸಿಕ್ತು, ಇಳಿಸಿದ್ವಿ. ಮಾರಪ್ಪಂಗೆ ಜ್ಞಾನ ಇತ್ತು, ಮಾತಾಡ್ತಿದ್ದ, ಜ್ವರದ ಬಾಯಿ, ಶರಾವತಿ ಬಂತೇನ್ರೋ ಅಂದ. ಹೂಂ ಅಂದೆ ನಾನು. ದುಗ್ಗ ಅವನ ಕಾಲ ಹತ್ರ ಕೂತು ದಾರ ಬಿಚ್ಚಕ್ಕೆ ಶುರು ಮಾಡಿದ, ದಾರ ನೆನೆದು ಬಿಗಿದಿತ್ತು, ಹಲ್ಲಲ್ಲಿ ಕಚ್ಚಿ ಬಿಚ್ಚಿದ. ಮಾರಪ್ಪ ಎಂತ ಅಂದ ಗೊತ್ತಾ — ಹಾಂ, ಬಿಚ್ಚು ಮಾರಾಯ, ಕಾಲು ಬೆಂದು ಹೋಗಿತ್ತು, ಹೇಳಣ ಅಂತಿದ್ದೆ, ಈಗ ಹಾಯಾಯ್ತು ಕಣೋ ದುಗ್ಗ. ನೀರಲ್ಲಿ ನೆನೆದು ನೆನೆದು ಬೆಳ್ಳಗೆ ಸುಕ್ಕಾದ ಕಾಲು, ಗಾಳಿ ತಾಗಿದ್ದಕ್ಕೆ ಬೆರಳು ಆಡಿಸಿದ, ಹಿಂಗೆ. ಹುಲಿಯಪ್ಪಣ್ಣ ತನ್ನ ಕೈಬೆರಳು ಎತ್ತಿ ತೋರಿಸಿದ, ಒಂದೊಂದಾಗಿ ಬಿಡಿಸಿ, ಮಡಿಸಿ, ಬಿಡಿಸಿ, ತೊಟ್ಟಿಲ ಮಗು ಆಡಿಸಿದ ಹಾಗೆ. ಈಗ ಬಂದ್ವಿ ಮಾರಪ್ಪ, ನೀರು ತರ್ತೀವಿ ಅಂದ ದುಗ್ಗ, ಪಕ್ಕದಲ್ಲೇ ಹಳ್ಳ, ನೀರು ತರಕ್ಕೆ ಗುಡ್ಡ ಹತ್ತಬೇಕಾ, ಅವನಿಗೆ ಅದೂ ಹೊಳೀಲಿಲ್ಲ, ಹೂಂ ಬೇಗ ಬನ್ನಿ ಅಂದ. ಮೇಲೆ ಹೋಗಿ ನಾನು ತಿರುಗಿ ನೋಡಿದೆ, ಬೆರಳು ಆಡಿಸ್ತಾನೇ ಇದ್ದ.

ನಾನು ಕಾದೆ, ಈಗ ಅಳುತ್ತಾನೆ, ಈಗ ಕಣ್ಣೊರೆಸಿಕೊಳ್ಳುತ್ತಾನೆ ಅಂತ. ಅದಕ್ಕೇ ಉಗಿದ್ರಾ ಅಣ್ಣ ಅಂದೆ. ಅದಕ್ಕಲ್ಲ, ಅಂದ, ಅದಕ್ಕೆ ಯಾಕೆ ಉಗೀಲಿ, ನಾನೂ ಅಲ್ಲೇ ಇದ್ದೆನಲ್ಲ. ಮಾತಾಗಿತ್ತು ತಂಗಿ, ಬಿಚ್ಚೋಕೆ ಮುಂಚೆ ಕಣ್ಣಲ್ಲೇ ಮಾತಾಗಿತ್ತು, ಗುಡ್ಡ ಹತ್ತಿದ ಮೇಲೆ ಬಾಯಲ್ಲೂ ಆಯ್ತು, ಇವತ್ತು ಅವನು ಹಾಕ್ಕಳದು, ನಾಳೆ ನಾನು. ನಿನ್ನ ಗಂಡ ಒಂದು ದಿನ ಕೊಡಲಿಲ್ಲ, ಮಲಗೋವಾಗಲೂ ಬಿಚ್ಚಲಿಲ್ಲ, ನಾನು ಕದೀತೀನಿ ಅಂತ, ಅವನ ಕಾಲಿಗೆ ಅದು ದೊಡ್ಡದು, ನನ್ನ ಕಾಲಿಗೆ ಸರಿಯಾಗ್ತಿತ್ತು, ಮಾರಪ್ಪನ ಅಂಗಿ ಹರಿದು ತುದಿಗೆ ತುರುಕ್ಕಂಡು ನಡೆದ, ನನ್ನ ಮುಂದೆ ಮುಂದೆ, ಆ ದಡ್ ದಡ್ ಕೇಳಿಸ್ಕಂಡು ನಾನು ಬರಿಗಾಲಲ್ಲಿ. ಕ್ಯಾಂಪ್ ಸಿಕ್ಕೋ ಹೊತ್ತಿಗೆ ನನ್ನ ಬೆರಳು ಕೊಳೆತು ಹುಳ ಬಿದ್ದಿತ್ತು, ಡಾಕ್ಟ್ರು ಕತ್ತರೀಲಿ ಬೀನ್ಸು ಕತ್ತರಿಸಿದ ಹಾಗೆ ಕತ್ತರಿಸಿ ಹಾಕಿದ್ರು. ಮತ್ತೆ ಮಾರಪ್ಪ, ಅಂದೆ ನಾನು. ಮಾರಪ್ಪ ಸಾಯೋನೇ, ಅಂದ, ನನ್ನ ಬೆರಳು ಸಾಯೋವಾಗಿರಲಿಲ್ಲ. ಎಡಗೈಯಲ್ಲಿ ಬಲಗಾಲಿನ ಬೂಟು ಎತ್ತಿ ತನ್ನ ಮೊಂಡು ಕಾಲು ಒಳಗೆ ತೂರಿಸಿದ, ಅತ್ತಿತ್ತ ತಿರುಗಿಸಿದ, ನೋಡು, ಈಗ ನಾನೂ ಬಟ್ಟೆ ತುರುಕಬೇಕು ಅಂತ ನಕ್ಕು, ಬಿಚ್ಚಿ ನನ್ನ ಕಡೆ ತಳ್ಳಿದ, ಬೆಲ್ಲ ನೀರು ಕುಡೀ, ಇರುವೆ ಬೀಳ್ತದೆ.

ಅವನು. ಆ ಹಳ್ಳ ನೆನಪಾದರೆ ಗಂಡನಿಗೆ ಅವನು ಅಂತಲೇ ಬರುತ್ತದೆ ಬಾಯಿಗೆ, ಅವರು ಅನ್ನಲು ಆಗುವುದಿಲ್ಲ, ದುಗ್ಗಪ್ಪ, ದುಗ್ಗ, ಹಲ್ಲಲ್ಲಿ ದಾರ ಕಚ್ಚಿದ ದುಗ್ಗ, ಆ ಹಲ್ಲು ನನ್ನ ಭುಜಕ್ಕೆ ತಾಗಿದೆ. ತೀರ್ಥಹಳ್ಳಿಯ ಛತ್ರದಲ್ಲಿ ಮಲಗಿ ಬೆಳಿಗ್ಗೆ ಹೊಳೆಗೆ ಇಳಿದೆ, ತುಂಗೆ ತಣ್ಣಗೆ, ಸ್ನಾನ ಮಾಡುವವರು, ಮಂತ್ರ ಹೇಳುವವರು, ನಾನು ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟೆ, ನೀರೊಳಗೆ ನನ್ನ ಕಾಲು ಬೆಳ್ಳಗೆ ಯಾರದೋ ಕಾಲಿನ ಹಾಗೆ ಕಂಡಿತು, ನಾನು ಆಡಿಸಲಿಲ್ಲ, ಬೆರಳು ತಾನೇ ಆಡಿತು, ಎಳೆದುಕೊಂಡೆ — ಆಗ ತಲೆಯೊಳಗೆ ಒಂದು ಬಾಗಿಲು ಹೊಡೆದ ಹಾಗೆ ತೆರೆಯಿತು, ಗಿರಿ ಚಿಕ್ಕವನು, ಇನ್ನೂ ನಡೆಯಲು ಕಲಿಯುತ್ತಿದ್ದ, ಚಾಪೆಯ ಮೇಲೆ ಅಂಗಾತ ಮಲಗಿ ಕಾಲು ಮೇಲೆತ್ತಿ ತನ್ನ ಬೆರಳು ತಾನೇ ನೋಡಿಕೊಂಡು ಆಡಿಸುತ್ತಿದ್ದ, ಕೇಕೆ ಹಾಕುತ್ತಿದ್ದ, ಕೆಲಸದಿಂದ ಬಂದ ಇವನು ಬಾಗಿಲಲ್ಲೇ ನಿಂತ, ನಿಲ್ಲಿಸು ಅಂದ, ಮಗುವಿಗೆ ಏನು ಗೊತ್ತು, ನಿಲ್ಲಿಸು ಅಂದೆನಲ್ಲ ಅಂತ ಊದುಗೊಳವೆ ಎತ್ತಿಕೊಂಡು ಆ ಪುಟ್ಟ ಪಾದಕ್ಕೆ ಹೊಡೆದ, ಮತ್ತೆ ಹೊಡೆದ, ಉಗುರು ಕಪ್ಪಾಗಿ ಬಿದ್ದು ಹೋಯಿತು, ನಾನು ಅಡ್ಡ ಬಿದ್ದು ಬೆನ್ನಿಗೆ ತಿಂದೆ, ಹುಚ್ಚೋ ದೆವ್ವವೋ ಅಂತ ಅಂದುಕೊಂಡು ತಾಯಿತ ಕಟ್ಟಿಸಿದೆ. ದೆವ್ವವೇ. ಕಡೆಯ ದಿನಗಳಲ್ಲಿ ಆ ಸೆಖೆಯಲ್ಲೂ ಕಾಲಿಗೆ ಕಂಬಳಿ ಹೊದೆಸು ಹೊದೆಸು ಅನ್ನುತ್ತಿದ್ದ, ಜಾರಿದರೆ ಕಿರುಚುತ್ತಿದ್ದ, ನಾನು ಪಾದಕ್ಕೆ ಎಣ್ಣೆ ತಿಕ್ಕಿದೆ, ತಿಕ್ಕಿ ಕಂಬಳಿ ಹೊದೆಸಿ ಅಂಚು ಮಡಿಸಿ ಕೂತೆ, ರಾಜನಿಗೆ ಮಾಡಿದ ಹಾಗೆ ಸೇವೆ ಮಾಡಿದೆ, ಗೊತ್ತಿದ್ದರೆ ಕಂಬಳಿ ಎಳೆದು ಹಾಕುತ್ತಿದ್ದೆ, ಎದುರಿಗೆ ಕೂತು ನನ್ನ ಕಾಲು ಚಾಚಿ ಬೆರಳು ಆಡಿಸಿ ತೋರಿಸುತ್ತಿದ್ದೆ, ಸಾಯುವವರೆಗೂ ತೋರಿಸುತ್ತಿದ್ದೆ, ಹೌದು, ಅಷ್ಟು ಕೆಟ್ಟವಳು ನಾನು, ಆಗಬಲ್ಲೆ.

ಕೋಣಂದೂರು ದಾಟಿ ಹೊಸನಗರಕ್ಕೆ ಬಂದು ಯಾಕೆ ಇಳಿದೆ, ಸೀದಾ ಬರಬಹುದಿತ್ತು. ಮಾರಪ್ಪನ ಹೆಂಡತಿ ಇನ್ನೂ ಇದಾಳೆ, ಶೇಷಮ್ಮ, ಕೆರೆ ಪಕ್ಕದ ಕೇರಿ ಅಂತ ಹುಲಿಯಪ್ಪಣ್ಣ ಹೇಳಿದ್ದ, ಬೂಟು ಅವಳದು, ಕೊಟ್ಟು ಬಿಡುತ್ತೇನೆ, ಹೇಳಿ ಬಿಡುತ್ತೇನೆ, ಕಾಲಿಗೆ ಬೀಳುತ್ತೇನೆ ಅಂತ ಎಣಿಸಿದ್ದೆನೋ, ಅಥವಾ ನನ್ನ ಒಬ್ಬಳ ಹೊಟ್ಟೆಯಲ್ಲೇ ಯಾಕೆ ಉರಿಯಬೇಕು, ಇನ್ನೊಬ್ಬಳಿಗೂ ಕೆಂಡ ಹಂಚೋಣ ಅಂತಲೋ, ಗೊತ್ತಿಲ್ಲ. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿದ್ದಾಳೆ, ಯಾವುದೋ ಜೈನರ ಮನೆಗೆ ಭತ್ತ ಕುಟ್ಟಿ ಕೊಡುತ್ತಾಳೆ, ತಲೆಯೆಲ್ಲ ಹೊಟ್ಟಿನ ಧೂಳು, ನಾನು ಯಾರೆಂದು ಹೇಳಿದ್ದೇ ತಡ ಒನಕೆ ಗೋಡೆಗೆ ಒರಗಿಸಿ ಓಡಿ ಬಂದಳು, ದುಗ್ಗಪ್ಪಣ್ಣನ ಮನೆಯವಳಾ, ಬಾ ತಂಗಿ, ಬಾ, ಅಣ್ಣ ಹೋದ್ರು ಅಂತ ಗೊತ್ತೇ ಆಗಲಿಲ್ಲ, ಗೊತ್ತಾಗಿದ್ರೆ ನಡಕಂಡಾದ್ರೂ ಬರ್ತಿದ್ದೆ. ತಂಬಿಗೆಯಲ್ಲಿ ನೀರು ತಂದು ಕೈಗೆ ಕೊಡಲಿಲ್ಲ, ತಾನೇ ಬಗ್ಗಿ ನನ್ನ ಕಾಲಿಗೆ ಹುಯ್ದಳು, ಬೇಡ ಅಕ್ಕ, ದೊಡ್ಡವರು ನೀವು ಅಂದರೆ ಕೇಳಲಿಲ್ಲ, ನನ್ನ ಗಂಡನ್ನ ಬೆನ್ನ ಮೇಲೆ ಹೊತ್ತೋರ ಹೆಂಡ್ತಿ ನೀನು, ಅವರ ಕಾಲು ತೊಳಿಯಕ್ಕೆ ಸಿಗಲಿಲ್ಲ, ನಿನ್ನದಾದ್ರೂ ತೊಳೀತೀನಿ ಅಂತ ಬೆರಳ ಸಂದಿಯ ಕೆಂಪು ಮಣ್ಣು ತಿಕ್ಕಿದಳು, ನಾನು ಅಲ್ಲಾಡದೆ ನಿಂತೆ, ಬೆರಳು ಕದಲದ ಹಾಗೆ ನೆಲಕ್ಕೆ ಒತ್ತಿ ಹಿಡಿದು ನಿಂತೆ. ಒಳಗೆ ಕೂರಿಸಿ ಅನ್ನ ಬಡಿಸಿದಳು, ಹುರುಳಿ ಸಾರು, ತಾನು ಉಣ್ಣದೆ ಎದುರು ಕೂತು ಮಾತು, ಯುದ್ಧ ಮುಗಿದ ವರ್ಷ ನಿನ್ನ ಗಂಡ ಬಂದು ಇಲ್ಲೇ ಈ ಹೊಸ್ತಿಲ ಮೇಲೆ ಕೂತು ಎಲ್ಲ ಹೇಳಿದ್ರು ತಂಗಿ, ನಮ್ಮೋರು ಅವರ ತೊಡೆ ಮೇಲೆ ತಲೆ ಇಟ್ಕಂಡು ಶೇಷಿ ಅಂದ್ರಂತೆ, ಅಷ್ಟೇ, ಪ್ರಾಣ ಹೋಯ್ತಂತೆ, ನನಗೆ ಆವಾಗ ಇಪ್ಪತ್ತೆರಡೋ ಎಂಥದೋ, ನಗರದ ಕಡೆಯವರು ಒಬ್ಬರು ಉಡಿಕೆ ಮದುವೆ ಮಾಡ್ಕಂಡು ಕರ್ಕಂಡು ಹೋಗ್ತೀನಿ ಅಂತ ಬಂದಿದ್ರು, ಒಳ್ಳೇ ಜನ, ಗದ್ದೆ ಇತ್ತು, ನಾನು ಆಗಲ್ಲ ಅಂದೆ, ಕಡೇ ಉಸಿರಲ್ಲಿ ನನ್ನ ಹೆಸರು ಹೇಳಿದೋರನ್ನ ಬಿಟ್ಟು ಇನ್ನೊಬ್ಬರ ಮನೆಗೆ ಹೆಂಗೆ ಹೋಗದು, ಅಣ್ಣ ಹೊಡೆದ, ಅತ್ತಿಗೆ ಊಟ ಹಾಕಲಿಲ್ಲ, ಆದ್ರೂ ಹೋಗಲಿಲ್ಲ. ನಾನು ಅನ್ನ ಕಲಸುತ್ತಲೇ ಇದ್ದೆ, ಶರಾವತಿ ಬಂತೇನ್ರೋ ಅಂದಿದ್ದ, ಬೇಗ ಬನ್ನಿ ಅಂದಿದ್ದ, ಶೇಷಿ ಅಂದಿರಲಿಲ್ಲ, ಆ ಒಂದು ಸುಳ್ಳಿನ ಮೇಲೆ ಈ ಹೆಂಗಸು ಕೂತು ಭತ್ತ ಕುಟ್ಟುತ್ತಿದ್ದಾಳೆ.

ಚೀಲ ನನ್ನ ಬೆನ್ನ ಹಿಂದೆ ಇತ್ತು. ಅವಳು ಕೇಳಿದಳು, ಎಂಥದು ಅದು. ಮಗನ ಬೂಟು, ಹೊಲಿಸಕ್ಕೆ ಅಂದೆ. ಬೂಟಾ, ಅಂದಳು, ಮುಖ ಅರಳಿತು, ನಮ್ಮೋರೂ ರಜಕ್ಕೆ ಬಂದಾಗ ಬೂಟು ಹಾಕ್ಕಂಡು ಒಳಗೆ ಬಂದು ಸಗಣಿ ಸಾರಿಸಿದ ನೆಲ ಎಲ್ಲ ಕೆತ್ತಿ ಹಾಕಿದ್ರು, ಅತ್ತೆ ಬೈದೂ ಬೈದೂ ಸಾಕಾದ್ರು, ಅಟ್ಟೆ ಸವೆದಿತ್ತು, ಪೇಟೆಯಲ್ಲಿ ಚಪ್ಪಲಿ ಹೊಲಿಯೋನ ಹತ್ರ ನಾನೇ ಹೋಗಿ ಕೂತು ಇಮ್ಮಡಿ ಅಟ್ಟೆ ಹಾಕ್ಸಿದೆ, ಒಂದು ಪದರ ಸಾಕು ಅಂದ ಅವನು, ಬೇಡ ಎರಡು ಹಾಕು, ಅವರ ಕಾಲು ನೋಯಬಾರದು ಅಂದೆ. ಆಮೇಲೆ ದನಿ ಸಣ್ಣ ಮಾಡಿ, ಯಾರಾದರೂ ಕೇಳಿಸಿಕೊಂಡರೆ ನಗುತ್ತಾರೆ ಅನ್ನುವ ಹಾಗೆ, ತಂಗಿ, ಒಂದು ಮಾತು, ನಿಮ್ಮೋರು ಯಾವತ್ತಾದ್ರೂ ಹೇಳಿದ್ರಾ, ಆ ಬೂಟು ಬಾಳಿಕೆ ಬಂತಾ. ನಾನು ಏನು ಹೇಳಬೇಕಿತ್ತು, ಬಿಚ್ಚಿ ತೋರಿಸಬೇಕಿತ್ತೇ, ನೋಡಕ್ಕ, ಇನ್ನೂ ಒಂದು ಹೊಲಿಗೆ ಬಿಟ್ಟಿಲ್ಲ, ನೀನು ಒಂದೇ ಪದರ ಹಾಕಿಸಿದ್ದರೆ ಅದೂ ಕೊಳೆತು ಉದುರಿ ಹೋಗಿ ಯಾರೂ ಅದಕ್ಕೆ ಕೈ ಹಾಕುತ್ತಿರಲಿಲ್ಲ, ಅವನನ್ನು ಇನ್ನೊಂದು ಗುಡ್ಡ ಹೊರುತ್ತಿದ್ದರೋ ಏನೋ ಅನ್ನಬೇಕಿತ್ತೇ. ಬಾಳಿಕೆ ಬಂತಂತೆ ಅಕ್ಕ, ಅಂದೆ, ತುಂಬಾ ಬಾಳಿಕೆ ಬಂತಂತೆ. ಶೇಷಮ್ಮ ಕಣ್ಣು ಮುಚ್ಚಿಕೊಂಡು ತಲೆ ಆಡಿಸಿದಳು, ಅಷ್ಟು ಸಾಕು ಅಂದಳು, ಇನ್ನೊಂದು ಸೌಟು ಸಾರು ಹಾಕಿದಳು, ಉಂಡೆ ನಾನು, ಪೂರ್ತಿ ಉಂಡೆ, ಕೈ ತೊಳೆದು ಚೀಲ ಎತ್ತಿಕೊಂಡು ಬಂದೆ, ಅವಳ ಗಂಡನ ಬೂಟು ಎತ್ತಿಕೊಂಡು ಅವಳ ಹೊಸ್ತಿಲು ದಾಟಿದೆ, ಇದು ಎರಡನೇ ಸಲ ಆ ಬೂಟನ್ನು ಕದ್ದದ್ದು, ಮೊದಲನೆಯದು ಗಂಡ, ಇದು ಹೆಂಡತಿ.

ಸಾಗರ, ಎಲ್ಲ ಇಳೀರಿ, ಕಂಡಕ್ಟರ್ ಕೂಗುತ್ತಾನೆ, ಕಿವಿಯ ಮೇಲೆ ಪೆನ್ಸಿಲ್ಲಿಲ್ಲ, ಎಲ್ಲಿ ಬಿತ್ತೋ, ಬಿಸಿಲು ವಾಲಿದೆ, ಸ್ಟೇಷನ್ನಿನ ಕಡೆ ಓಡುತ್ತೇನೆ, ಚೀಲ ಮೊಣಕಾಲಿಗೆ ಬಡಿಯುತ್ತದೆ, ಅಲ್ಲಿದ್ದಾನೆ ಗಿರಿ, ಬೆಂಚಿನ ಮೇಲೆ, ಹೊಸ ಅಂಗಿ, ಟ್ರಂಕು, ಎಣ್ಣೆ ಹಾಕಿ ಬಾಚಿದ ತಲೆ, ತಾಳಗುಪ್ಪದ ಕಡೆಯಿಂದ ರೈಲು ಇನ್ನೂ ಬಂದಿಲ್ಲ, ಹೊತ್ತಿದೆ, ಹೇಳಲು ಹೊತ್ತಿದೆ. ಎಲ್ಲಮ್ಮ ಇಷ್ಟೊತ್ತು, ಹುಲಿಯಪ್ಪ ಎಂತ ಅಂದ. ಹೇಳಿದೆ, ನಿಂತುಕೊಂಡೇ ಹೇಳಿದೆ, ಮೆತ್ತಗೆ ಮಾಡದೆ ಹೇಳಿದೆ, ಒಂದೊಂದು ಮಾತನ್ನೂ ಕಲ್ಲು ಎತ್ತಿ ಹಾಕಿದ ಹಾಗೆ ಅವನ ಮಡಿಲಿಗೆ ಹಾಕಿದೆ, ನಿಮ್ಮಪ್ಪ ಗುದ್ದಲಿ ಹಿಡಿದವನು, ಬಂದೂಕಲ್ಲ, ನಿಮ್ಮಪ್ಪ ಬದುಕಿದ್ದ ಗೆಳೆಯನ ಕಾಲಿಂದ ಬೂಟು ಕಿತ್ತವನು, ಹಲ್ಲಲ್ಲಿ ದಾರ ಬಿಚ್ಚಿದವನು, ನೀರು ತರ್ತೀನಿ ಅಂತ ಹೇಳಿ ಗುಡ್ಡ ಹತ್ತಿದವನು, ಇದು ನೀನು ಹಾರ ಹಾಕಿದ್ದು, ನಿನ್ನ ಕಾಲಿಗೆ ಸರಿಯಾದದ್ದು ಇದು, ಅಂತ ಚೀಲ ಬೆಂಚಿನ ಮೇಲೆ ಕುಕ್ಕಿದೆ. ಅವನ ಮುಖ ಬೆಳ್ಳಗಾಯಿತು, ನನ್ನ ಹೊಟ್ಟೆಯಲ್ಲಿ ಒಂದು ಕೆಟ್ಟ ಸಂತೋಷ ಎದ್ದಿತು, ಗೆದ್ದೆ, ಉಳಿದ ನನ್ನ ಮಗ, ಟ್ರಂಕು ಎತ್ತಿಕೊಂಡು ಮನೆಗೆ ಬರುತ್ತಾನೆ. ಅವನು ಚೀಲದ ಬಾಯಿ ಬಿಚ್ಚಿ ಒಂದು ಬೂಟು ತೆಗೆದು ಅಟ್ಟೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದ, ಬಹಳ ಹೊತ್ತು ನೋಡಿದ.

ಇಬ್ಬರೇ ಹೊತ್ಕಂಡು ಹೋಗಿದ್ರೆ ಮೂರೂ ಜನ ಸಾಯ್ತಿದ್ರು, ಅಂದ. ಎಂತ ಅಂದ್ಯೋ. ಸರಿಯಾಗಿ ಯೋಚನೆ ಮಾಡಮ್ಮ, ಅಪ್ಪ ಬಿಚ್ಚದೇ ಇದ್ದಿದ್ರೆ ಅಪ್ಪನೂ ಅಲ್ಲೇ ಬೀಳ್ತಿದ್ದ, ನೀನು ಯಾರ ಮನೇಲೋ ಇರ್ತಿದ್ದೆ, ನಾನು ಎಲ್ಲಿರ್ತಿದ್ದೆ. ಅವನು ಜೀವಂತ ಇದ್ದನಲ್ಲೋ, ಮಾತಾಡ್ತಿದ್ದನಲ್ಲೋ. ಸಾಯೋನಿಗೆ ಬೂಟು ಯಾಕಮ್ಮ. ಹುಲಿಯಪ್ಪನ ಮಾತು, ಅದೇ ಮಾತು, ಮೇಗರವಳ್ಳಿಯ ಜಗಲಿಯಿಂದ ಎದ್ದು ಬಂದು ನನ್ನ ಮಗನ ಮೀಸೆ ಚಿಗುರಿದ ಬಾಯಲ್ಲಿ ಕೂತಿತು, ಮುಖಕ್ಕೆ ಬಣ್ಣ ತಿರುಗಿ ಬಂದಿತ್ತು, ಮೊದಲಿಗಿಂತ ಗಟ್ಟಿಯಾದ ಬಣ್ಣ. ಒಳ್ಳೇದಾಯ್ತು ಹೇಳಿದ್ದು, ಅಂದ, ಶಾಲೇಲಿ ಹೇಳ್ತಿದ್ದ ಕಥೆ ಕೇಳಿ ಹೋಗಿದ್ರೆ ನಾನೂ ಯಾರನ್ನಾದ್ರೂ ಹೊತ್ಕಂಡು ಸಾಯ್ತಿದ್ದೆನೋ ಏನೋ. ಹೋಗಬೇಡ ಗಿರಿ. ಇಲ್ಲಮ್ಮ, ಇನ್ನು ಹೆದರಬೇಡ, ನಾನು ಬದುಕಿ ಬರ್ತೀನಿ, ಹೆಂಗೆ ಬರಬೇಕು ಅಂತ ಗೊತ್ತಾಯ್ತಲ್ಲ. ನಾನು ಕೊಟ್ಟೆ, ನಾನೇ ಬಸ್ಸು ಹತ್ತಿ ಇಳಿದು ಹುಡುಕಿ ತಂದು ಅವನ ಕೈಗೆ ಕೊಟ್ಟೆ.

ರೈಲು ಬಂತು, ಹೊಗೆ, ಕೂಗು, ಜನ, ಟ್ರಂಕು ಎತ್ತಿ ಒಳಗೆ ಇಟ್ಟ, ಬೂಟನ್ನು ಮತ್ತೆ ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟ, ಗೋಡೆಗೆ ಹಾಕು ಇಲ್ಲ ಹೊಳೆಗೆ ಹಾಕು, ನಿನ್ನಿಷ್ಟ, ನನಗೆ ಸರ್ಕಾರ ಹೊಸದು ಕೊಡ್ತದೆ, ಬಗ್ಗಿ ನನ್ನ ಕಾಲು ಮುಟ್ಟಿದ, ನಾನು ತಲೆಯ ಮೇಲೆ ಕೈ ಇಡಬೇಕಿತ್ತು, ಇಟ್ಟೆನೋ ಇಲ್ಲವೋ. ಕಿಟಕಿಯ ಹತ್ತಿರ ಜಾಗ ಸಿಕ್ಕಿತು ಅವನಿಗೆ, ಹೊಸ ಚಪ್ಪಲಿ ಕಚ್ಚಿತ್ತು ಅಂತ ಕಾಣುತ್ತದೆ, ಬಿಚ್ಚಿ ಸೀಟಿನ ಕೆಳಗೆ ತಳ್ಳಿ ಎದುರಿನ ಹಲಗೆಯ ಮೇಲೆ ಕಾಲು ಚಾಚಿದ, ಉದ್ದ ಕಾಲು, ನಮ್ಮಪ್ಪನ ಕಾಲು, ಹಸುಗೂಸಾಗಿದ್ದಾಗ ನಾನು ಎಣ್ಣೆ ತಿಕ್ಕಿ ಅಂಗಾಲಿಗೆ ಮುತ್ತಿಟ್ಟ ಕಾಲು, ಚಪ್ಪಲಿ ಕಚ್ಚಿದ ಗೆರೆ ಬೆಳ್ಳಗೆ, ಕಣ್ಣು ಮುಚ್ಚಿದ, ಎಷ್ಟು ಹಾಯಾಯಿತೋ ಅವನಿಗೆ, ಎದುರಿಗೆ ಯಾರೋ ಇಬ್ಬರು ಅವನ ವಯಸ್ಸಿನ ಹುಡುಗರು, ಅವರೂ ಟ್ರಂಕಿನವರು, ಅವರೂ ಸೇರಲು ಹೊರಟವರು, ಒಬ್ಬ ಅವನ ಕಾಲನ್ನೇ ನೋಡುತ್ತಿದ್ದಾನೆ, ಸುಮ್ಮನೆ, ನೋಡುವುದಕ್ಕೆ ಬೇರೇನೂ ಇಲ್ಲ ಅಂತ ನೋಡುತ್ತಿದ್ದಾನೆ, ಗಿರೀ ಅಂದೆ, ಕಾಲು ಒಳಗೆ ಎಳೆದುಕೋ ಅಂದೆ, ಇಂಜಿನ್ನಿನ ಕೂಗಿಗೆ ಕೇಳಲಿಲ್ಲ, ರೈಲು ಜರುಗಿತು, ಕಿಟಕಿ ಜರುಗಿತು, ಬರಿಗಾಲು ಕಿಟಕಿಯೊಳಗೆ, ಗಾಳಿ ತಾಗಿ ಬೆರಳು ಬಿಡಿಸಿತು, ಮಡಿಸಿತು, ಬಿಡಿಸಿತು, ಒಂದೊಂದಾಗಿ, ಹಳಿ ಖಾಲಿಯಾಯಿತು, ಹಳಿಯ ಮೇಲೆ ಬೆರಳು, ಹೊಗೆಯಲ್ಲಿ ಬೆರಳು, ಬೆಳ್ಳಗೆ, ಆಡುತ್ತಿವೆ, ಇನ್ನೂ ಆಡುತ್ತಿವೆ, ಬೆರಳು